ಕಾಲರಿನ ಮೂಲೆ

ಬಾಬಿನ್ನಿನ ದಾರ ಯಾವಾಗ ಮುಗಿಯಿತೋ, ಜಫರನಿಗೆ ಗೊತ್ತಾಗಿದ್ದು ಹೊಲಿಗೆ ಗೇಣುದ್ದ ಮುಂದೆ ಹೋದ ಮೇಲೆ, ಬಟ್ಟೆ ತಿರುಗಿಸಿದರೆ ಬರೀ ತೂತುಗಳು, ಸಾಲಾಗಿ, ನೀಟಾಗಿ, ಏನನ್ನೂ ಹಿಡಿದುಕೊಳ್ಳದ ತೂತುಗಳು — ಸೂಜಿ ತನ್ನ ಪಾಡಿಗೆ ತಾನು ಇಳಿದು ಹತ್ತಿದೆ, ಕೆಳಗೆ ಕೈಹಿಡಿಯಲು ದಾರವಿಲ್ಲ, ಅಂಗಡಿ ಮುಂದೆ ಹಾದುಹೋಗುವವರಿಗೆ ಇದೇನು ತಿಳಿಯಬೇಕು, ಮೆಷಿನ್ನು ಕಟಕಟ ಅನ್ನುತ್ತಿದೆ, ಜಫರ್ ಟೈಲರು ಕೆಲಸದಲ್ಲಿದ್ದಾನೆ, ಅಷ್ಟೆ, ಬೆಳಗ್ಗೆ ಆ ಫೋನು ಬಂದಾಗಿನಿಂದಲೂ ಹೀಗೇ, ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ, ಫೋನು ಬಂದಿದ್ದು ಶಬ್ರೀನ್ ಕೆಲಸಕ್ಕೆ ಹೋಗುವ ಗಾರ್ಮೆಂಟ್ಸಿನಿಂದ, ನಾನು ಸಹನ ಅಂತ ಸರ್, ಆಫೀಸಿನಿಂದ ಮಾತಾಡ್ತಿದೀನಿ, ನಿಮ್ಮ ಮನೆಯವರನ್ನ ತೋಳಿನ ಲೈನಿಂದ ತೆಗೆದು ಸ್ಯಾಂಪಲ್ ರೂಮಿಗೆ ಹಾಕ್ಬೇಕು ಅಂತಿದೀವಿ, ಟೆಸ್ಟಲ್ಲಿ ಅವರೇ ಫಸ್ಟು, ಸಂಬಳ ಜಾಸ್ತಿ ಆಗುತ್ತೆ, ಆದ್ರೆ ಶಿಪ್‌ಮೆಂಟ್ ಇರೋ ದಿನ ಸ್ವಲ್ಪ ಲೇಟಾಗುತ್ತೆ, ಮನೆ ಬಾಗಿಲ ತನಕ ವ್ಯಾನ್ ಕಳಿಸ್ತೀವಿ, ಅವರನ್ನ ಕೇಳಿದ್ವಿ, ನಮ್ಮನೆಯವರನ್ನ ಒಂದು ಮಾತು ಕೇಳಿ ಮೇಡಂ ಅಂದ್ರು. ಒಂದು ಮಾತು. ಶಬ್ರೀನ್ ಅಲ್ಲಿ ನಿಂತು, ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಹಾಗೆ ಹೇಳಿರಬೇಕು, ಇವನು ಖುಷಿಯಾಗಿ ಹೂಂ ಅನ್ನುತ್ತಾನೆ ಅಂತ ನಂಬಿಕೊಂಡೇ ಹೇಳಿರಬೇಕು, ಗಂಡನಿಗೆ ಕೊಡಬೇಕಾದ ಮರ್ಯಾದೆ ಕೊಟ್ಟಳು, ಇವನು ಅದೇ ಮರ್ಯಾದೆಯನ್ನು ಹಿಡಿದುಕೊಂಡು ಬೇಡ ಮೇಡಂ ಅಂದ.

ಬೇಡ ಅಂದಷ್ಟಕ್ಕೇ ನಿಲ್ಲಿಸಬಹುದಿತ್ತು, ಆ ಹುಡುಗಿ ಯಾಕೆ ಸರ್ ಅಂತ ಕೇಳದೇ ಇದ್ದಿದ್ದರೆ ನಿಲ್ಲಿಸುತ್ತಲೂ ಇದ್ದ, ಅವಳು ಕೇಳಿದಳು, ಇವನ ಬಾಯಿಂದ ಬಂತು — ನಮ್ಮ ಜನದಲ್ಲಿ ಅದೆಲ್ಲ ಆಗಲ್ಲ ಮೇಡಂ, ಹೆಂಗಸರು ಹೊತ್ತು ಮುಳುಗಿದ ಮೇಲೆ ಹೊರಗಿರಂಗಿಲ್ಲ. ಆಚೆ ಕಡೆ ದನಿ ತಕ್ಷಣ ಮೆತ್ತಗಾಯಿತು, ಓ, ಅರ್ಥ ಆಗುತ್ತೆ ಸರ್, ಸಾರಿ ಸರ್, ಅದು ಅವಳಿಗೆ ಎಷ್ಟು ಸುಲಭವಾಗಿ ಅರ್ಥವಾಗಿಬಿಟ್ಟಿತು, ಮೊದಲೇ ಗೊತ್ತಿದ್ದವಳ ಹಾಗೆ, ಇನ್ನೊಂದು ಸಲ ಕೇಳಲೂ ಇಲ್ಲ. ಯಾವ ಜನ. ಅವನ ಅಮ್ಮಿ ರಹಮತ್ ಬೀ ಹೆಗಲಿಗೆ ಬಳೆ ಮಲಾರ ಹಾಕಿಕೊಂಡು ಪಾಲಹಳ್ಳಿ, ಪಾಂಡವಪುರ, ಒಂದೊಂದು ದಿನ ಕೆ.ಆರ್. ಪೇಟೆ ತನಕ ಹೋಗಿ, ಬಸ್ಸು ಸಿಗದಿದ್ದರೆ ಕಬ್ಬಿನ ಲಾರಿ ಹತ್ತಿ ಬರುತ್ತಿದ್ದಳು, ಮಸೀದಿಯಲ್ಲಿ ಕೊನೆಯ ನಮಾಜು ಮುಗಿದು ಗಂಡಸರೆಲ್ಲ ಮನೆ ಸೇರಿದ ಮೇಲೆ ಬೀದಿಯಲ್ಲಿ ಅವಳ ಬಳೆ ಸದ್ದು ಕೇಳುತ್ತಿತ್ತು, ಅಬ್ಬ ಒಲೆ ಮೇಲೆ ಅನ್ನ ಇಟ್ಟು ಕಾಯುತ್ತಿದ್ದರು, ಯಾರೂ ಏನೂ ಅಂದಿರಲಿಲ್ಲ, ಅಂಥ ಅಮ್ಮಿಯ ಮಗ ಇವನು, ಫೋನಿನಲ್ಲಿ ಇಡೀ ಜನವನ್ನು ಕರೆದು ತನ್ನ ಮುಂದೆ ನಿಲ್ಲಿಸಿಕೊಂಡು ಅದರ ಹಿಂದೆ ಕೂತುಬಿಟ್ಟ. ಇನ್ನೊಬ್ಬ ಗಂಡಸಿನ ಮೇಲಿನ ಅನುಮಾನವಾಗಿದ್ದರೆ ಸುಲಭ, ಟೀ ಅಂಗಡಿಯಲ್ಲಿ ಹೇಳಿಕೊಳ್ಳಬಹುದು, ನಾಲ್ಕು ಜನ ಹೂಂಗುಟ್ಟುತ್ತಾರೆ, ಹೆಂಡತಿ ಹೊಲಿಯುವ ಅಂಗಿಯ ಮೇಲೆ ಹೊಟ್ಟೆಕಿಚ್ಚು ಅಂತ ಯಾರ ಹತ್ತಿರ ಹೇಳುವುದು, ಅದಕ್ಕೆ ಹೆಸರೂ ಇಲ್ಲ, ಎದೆಯ ಒಳಗಡೆ ಇಸ್ತ್ರಿ ಪೆಟ್ಟಿಗೆ ಮರೆತು ಇಟ್ಟ ಹಾಗೆ ಒಂದೇ ಜಾಗ ಸುಡುತ್ತಿರುತ್ತದೆ ಅಷ್ಟೆ.

ಬಾಬಿನ್ನಿಗೆ ದಾರ ಸುತ್ತಬೇಕು, ಸುತ್ತುತ್ತಾನೆ, ಬಿಳಿ ದಾರ ಗಿರ್ರನೆ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಮೆಷಿನ್ನಿನ ಮೇಲಿರುವುದು ಮಂಚಯ್ಯನ ಅಂಗಿ, ಆಲೆಮನೆ ಮಂಚಯ್ಯ, ರೆಡಿಮೇಡು ಮೈಗೆ ಕೂರುವುದಿಲ್ಲ ಅಂತ ಈಗಲೂ ಇಲ್ಲಿಗೇ ಬರುವ ಕೆಲವೇ ಜನರಲ್ಲಿ ಒಬ್ಬ, ನನ್ ಒಟ್ಟೆ ಎಲ್ಲೀಗಂಟ ಓಯ್ತದೆ ಅಂತ ನನ್ ಎಂಡ್ರಿಗೂ ಗೊತ್ತಿಲ್ಲ ಸಾಬ್ರೆ, ನಿಮಗೆ ಗೊತ್ತು ಅನ್ನುತ್ತಾನೆ, ನಿಜವೇ, ಅದಕ್ಕೇ ಇವನು ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಿಸಿ ಬಿಟ್ಟಿರುತ್ತಾನೆ, ಅಬ್ಬ ಗಫಾರ್ ಟೈಲರೂ ಹಾಗೇ ಬಿಡುತ್ತಿದ್ದರು, ಮುಂದಿನ ವರ್ಷ ಬಿಗಿಯಾದರೆ ಬಿಚ್ಚಿ ಸಡಿಲ ಮಾಡಿಕೊಡುವುದಕ್ಕೆ, ಕೊಟ್ಟ ಬಟ್ಟೆ ಗಿರಾಕಿಯದು, ಕತ್ತರಿಸಿ ಎಸೆಯುವುದಕ್ಕೆ ನಾವ್ಯಾರು ಅನ್ನುತ್ತಿದ್ದರು, ಹೋದ ವರ್ಷ ಅದೇ ಸ್ಯಾಂಪಲ್ ರೂಮಿಗೆ ಟೈಲರು ಬೇಕು ಅಂತ ಗೇಟಿನಲ್ಲಿ ಬೋರ್ಡು ಹಾಕಿದಾಗ ಇವನೂ ಹೋಗಿದ್ದ, ಶಬ್ರೀನೇ ಕರೆದುಕೊಂಡು ಹೋಗಿದ್ದಳು, ಸಾವಿರಾರು ಅಂಗಿ ಹೊಲಿಯುವ ಮೊದಲು ಒಂದೇ ಒಂದು ಅಂಗಿ ಪೂರ್ತಿ ಹೊಲಿದು ತೋರಿಸಬೇಕಂತೆ ಜೀ, ಹೊರದೇಶದವರು ಅದನ್ನ ನೋಡಿ ಹೂಂ ಅಂದ್ರೆ ಮಿಕ್ಕಿದ್ದೆಲ್ಲ ಅದರ ಥರಾನೇ, ಅದು ನಿಮ್ಮಂಥೋರ ಕೆಲಸ, ನಮ್ಮ ಲೈನಿನಲ್ಲಿ ಯಾರಿಗೆ ಬರುತ್ತೆ ಪೂರ್ತಿ ಅಂಗಿ. ಗೇಟಿನ ಹತ್ತಿರ ನಾಗಮಂಗಲ, ದೇವಲಾಪುರದ ಕಡೆಯ ಹುಡುಗರು ಲೋಡಿಂಗ್ ಕೆಲಸಕ್ಕೆ ಸಾಲಾಗಿ ನಿಂತಿದ್ದರು, ಡಿಗ್ರಿ ಆದವರೂ ಇದ್ದರು, ಗಾರ್ಡು ಅವರಿಗೆ ಎಂಗಸ್ರಿಗಾದ್ರೆ ಬನ್ನಿ ಬನ್ನಿ ಅಂತಾರೆ, ಗಂಡುಸ್ರಿಗೆ ನಾಳೆ ಬನ್ನಿ ಅಂತಾರೆ, ಸುಮ್ನೆ ಓಗ್ರಪ್ಪ ಅಂತ ನಗುತ್ತಿದ್ದ, ಇವನನ್ನು ಮಾತ್ರ ಒಳಗೆ ಬಿಟ್ಟ, ಆಗ ಎದೆ ಸ್ವಲ್ಪ ಉಬ್ಬಿದ್ದು ನಿಜ. ಅಂಗಿ ಹೊಲಿದುಕೊಟ್ಟ, ಮಧ್ಯಾಹ್ನದೊಳಗೆ, ಚೈತನ್ಯ ಅಂತ ಮ್ಯಾನೇಜರು, ಗಡ್ಡ ಟ್ರಿಮ್ ಮಾಡಿಸಿದ ಚಿಕ್ಕ ವಯಸ್ಸಿನವನು, ಒಳ್ಳೆಯವನೇ, ಕಾಲರ್ ನೋಡಿ ಹುಬ್ಬು ಏರಿಸಿದ, ಆಮೇಲೆ ಅಂಗಿಯನ್ನು ಒಳಹೊರಗು ಮಾಡಿದ, ಇಷ್ಟು ಬಟ್ಟೆ ಒಳಗೆ ಯಾಕೆ ಬಿಟ್ಟಿದೀರಿ ಸರ್ ಅಂದ, ನಾಳೆ ದಪ್ಪ ಆದ್ರೆ ಬಿಚ್ಚಿಸ್ಕೊಳ್ಳೋಕೆ ಸರ್ ಅಂದ ಇವನು, ಅಳತೆ ಚಾರ್ಟು ಎದುರಿಗೇ ಅಂಟಿಸಿತ್ತು, ಓದಲು ಬರುತ್ತಿತ್ತು, ಆದರೂ ಕೈ ಒಪ್ಪಲಿಲ್ಲ, ಕೈಗೆ ಅಷ್ಟು ಕಡಿಮೆ ಬಿಟ್ಟು ಕತ್ತರಿಸುವುದು ಕಳ್ಳತನದ ಹಾಗೆ ಅನ್ನಿಸಿತು, ಚೈತನ್ಯ ನಗಲಿಲ್ಲ, ಮೆತ್ತಗೇ ಹೇಳಿದ, ಇದನ್ನ ಹಾಕ್ಕೊಳ್ಳೋರು ಯಾರೂ ನಿಮ್ಮ ಹತ್ರ ಬಿಚ್ಚಿಸ್ಕೊಳ್ಳೋಕೆ ಬರಲ್ಲ ಸರ್. ಅಷ್ಟೇ, ಆ ಮೇಲೆ ನೀರು ಕೊಟ್ಟರು, ಬಿಸ್ಕತ್ತು ಕೊಟ್ಟರು, ಶಬ್ರೀನ್ ಲೈನಿನಿಂದ ಕತ್ತು ಎತ್ತಿ ನೋಡಿದಳು, ಇವನು ತಲೆ ಆಡಿಸಿದ್ದು ಹೌದು ಅನ್ನುವಂತಿತ್ತೋ ಇಲ್ಲ ಅನ್ನುವಂತಿತ್ತೋ, ಅವಳು ನಕ್ಕಳು, ವ್ಯಾನಿನಲ್ಲಿ ಬರುವಾಗ ಕೆಲಸ ಸಿಗಲಿಲ್ಲ ಅಂತ ಹೇಳಬೇಕಾಯಿತು, ಅವಳು ಕಿಟಕಿ ಸರಿಸಿದಳು, ಸಕ್ಕರೆ ಫ್ಯಾಕ್ಟರಿ ಕಡೆಯಿಂದ ಸುಟ್ಟ ಬೆಲ್ಲದ ವಾಸನೆ ಬಂತು.

ಬಾಬಿನ್ನು ಕೂರಿಸಿದ, ಪೆಡಲ್ಲು ಒತ್ತಲಿಲ್ಲ, ಒತ್ತಿದರೆ ಮುಂದಿನದು ಕಾಲರು. ಕಾಲರಿಗೆ ಬಂದಾಗ ಅಬ್ಬ ಅಂಗಡಿಗೆ ಬೆನ್ನು ತಿರುಗಿಸುತ್ತಿದ್ದರು, ಗಿರಾಕಿ ಎದುರಿಗಿದ್ದರೂ ಸರಿ, ಕೈಕೆಳಗೆ ಕೆಲಸ ಕಲಿಯುತ್ತಿದ್ದವರಿಗೂ ಅಬ್ಬನ ಬೆನ್ನೇ ಕಾಣುತ್ತಿತ್ತು, ಕಾಲರಿನ ಎರಡು ಪದರ, ನಡುವೆ ಬಕ್ರಂ ಅನ್ನುವ ಗಟ್ಟಿ ಬಟ್ಟೆ, ಉಲ್ಟಾ ಇಟ್ಟು ಹೊಲಿದು ತಿರುವಿ ಹಾಕಿದರೆ ಎಲ್ಲರದೂ ಮೂಲೆ ಮೊಂಡಾಗುತ್ತದೆ, ಕತ್ತರಿ ತುದಿಯಿಂದ ಚುಚ್ಚುತ್ತಾರೆ, ಬಟ್ಟೆ ಹಿಂಜುತ್ತದೆ, ಅಬ್ಬ ಚುಚ್ಚುತ್ತಿರಲಿಲ್ಲ, ಹೊಲಿಗೆ ತಿರುಗುವ ಜಾಗಕ್ಕೆ ಮೊದಲೇ ಒಂದು ಗಟ್ಟಿ ದಾರ ಸಿಗಿಸಿಟ್ಟು, ತಿರುವಿ ಹಾಕಿದ ಮೇಲೆ ಆ ದಾರವನ್ನು ಎರಡು ಬೆರಳಲ್ಲಿ ಹಿಡಿದು ಹದವಾಗಿ ಎಳೆಯುತ್ತಿದ್ದರು, ಮೂಲೆ ತಾನಾಗಿ ಹೊರಗೆ ಬರುತ್ತಿತ್ತು, ಹಕ್ಕಿಯ ಕೊಕ್ಕಿನ ಹಾಗೆ, ಆ ಮೇಲೆ ದಾರವೂ ಜಾರಿಕೊಂಡು ಬಂದುಬಿಡುತ್ತಿತ್ತು, ಏನು ಮಾಡಿದ್ದು ಅಂತ ಗುರುತೂ ಉಳಿಯುತ್ತಿರಲಿಲ್ಲ. ಇದು ಬೇರೆ ಯಾವ ಟೈಲರಿಗೂ ಗೊತ್ತಿರಲಿಲ್ಲವಾ, ಇರಬಹುದು, ಮೈಸೂರಿನಲ್ಲಿ ನೂರು ಜನಕ್ಕೆ ಗೊತ್ತಿರಬಹುದು, ಆದರೆ ಈ ಕೋಟೆಯೊಳಗಿನ ಬೀದಿಯಲ್ಲಿ ಗಫಾರ್ ಟೈಲರ ಮೂಲೆ ಅಂದರೆ ಗಫಾರ್ ಟೈಲರದೇ, ಸಾಯುವ ಮುಂಚಿನ ಚಳಿಗಾಲದಲ್ಲಿ ಮಗನಿಗೆ ತೋರಿಸಿದರು, ಆಗಲೂ ಬಾಗಿಲು ಹಾಕು ಅಂದರು. ಇವನು ಶಬ್ರೀನಿಗೆ ತೋರಿಸಿದ್ದು ಮದುವೆಯಾದ ಹೊಸತರಲ್ಲಿ, ಮಳೆ ಬಂದು ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ಅವಳು ಸ್ಟೂಲು ಎಳೆದುಕೊಂಡು ಪಕ್ಕ ಕೂತಿದ್ದಳು, ಬೆನ್ನು ತಿರುಗಿಸಿದ್ದಕ್ಕೆ ಯಾಕೆ ಜೀ, ನನಗೂ ಬೆನ್ನಾ ಅಂದಳು, ಅಷ್ಟೇ ಸಾಕಾಯಿತು, ತಿರುಗಿದ, ಅವಳ ಬೆರಳನ್ನು ತನ್ನ ಬೆರಳಲ್ಲಿ ಹಿಡಿದು ಎಳೆಸಿದ, ಮೂಲೆ ಹೊರಗೆ ಬಂತು, ಅವಳು ಅರೆ ಅಂದಳು, ಇನ್ನೊಂದು ಸಲ ಅಂದಳು, ಇನ್ನೊಂದು ಸಲ, ತಾನೇ ಮೆಷಿನ್ನಿಗೆ ಕೂತು ಆತುರದಲ್ಲಿ ಸೂಜಿಯನ್ನು ಬೆರಳಿನ ಮೇಲೇ ಇಳಿಸಿಕೊಂಡಳು, ಉಗುರು ಬಿದ್ದುಹೋಯಿತು, ಹೊಸದಾಗಿ ಬಂದ ಉಗುರಿನಲ್ಲಿ ಕಪ್ಪು ಗೆರೆಯೊಂದು ನಿಂತಿತು, ಈಗಲೂ ಇದೆ, ಅವಳು ಅನ್ನ ಬಡಿಸುವಾಗ ಕಾಣುತ್ತದೆ. ಕಂಡಾಗೆಲ್ಲ ಇವಳು ನನ್ನವಳು ಅನ್ನಿಸುತ್ತಿದ್ದದ್ದು ಆ ಗೆರೆಯಿಂದಲೇ, ಮದುವೆಯಲ್ಲಿ ಮಹರ್ ಕೊಟ್ಟಿದ್ದರಿಂದಲ್ಲ, ಮಗಳು ಫಿಜಾ ಹುಟ್ಟಿದ್ದರಿಂದಲೂ ಅಲ್ಲ. ಆ ಮೇಲೆ ಕೊರೊನಾ ಬಂತು, ಬೈಪಾಸು ಆಯಿತು, ಊರೊಳಗೆ ಬರುವ ಬಸ್ಸು ಕಡಿಮೆಯಾಯಿತು, ಇದ್ದ ಗಿರಾಕಿಗಳೂ ಫೋನಿನಲ್ಲಿ ಅಂಗಿ ತರಿಸಿಕೊಳ್ಳುವುದು ಕಲಿತರು, ಶಬ್ರೀನ್ ಗಾರ್ಮೆಂಟ್ಸಿಗೆ ಹೊರಟಳು, ಅವಳಿಗೆ ಅಲ್ಲಿ ಎಡಗಡೆ ತೋಳು, ಬರೀ ಎಡಗಡೆ ತೋಳು, ಬಲಗಡೆ ತೋಳು ಇನ್ನೊಬ್ಬಳದು, ಇವನು ತಮಾಷೆ ಮಾಡುತ್ತಿದ್ದ, ಏನಮ್ಮ ಎಡಗೈ ಬೇಗಂ, ಇವತ್ತು ಎಷ್ಟು ಕೈ ಹಚ್ಚಿದೆ ಅಂತ, ಅವಳೂ ನಗುತ್ತಿದ್ದಳು, ಅವಳು ಎಡಗಡೆ ತೋಳಾಗಿರುವ ತನಕ ಎಲ್ಲ ಚೆನ್ನಾಗಿತ್ತು, ಸಂಬಳ ಅವಳದು, ಅಂಗಿ ತನ್ನದು. ಹೋದ ವಾರ ಊಟಕ್ಕೆ ಕೂತಾಗ ಹೇಳಿದಳು, ಇವತ್ತು ಪೂರ್ತಿ ಅಂಗಿ ಹೊಲಿದೆ ಜೀ, ಟೆಸ್ಟು, ಸುಮ್ಮನೆ ಬರೆಸಿದ್ದೆ ಹೆಸರು, ಮುಖ ಒಲೆ ಮುಂದೆ ಕೂತವಳ ಹಾಗೆ ಕೆಂಪಗಾಗಿತ್ತು, ಕಾಲರು ಅಂತ ಕೇಳಿದ, ನಿಮ್ಮ ಥರಾನೇ ಅಂದಳು, ಪಕ್ಕಕ್ಕೆ ಬಟ್ಟೆ ಬಿಟ್ಯಾ ಅಂತ ಕೇಳಿದ, ಅಲ್ಲಿ ಬಿಡಂಗಿಲ್ಲವಲ್ಲ ಅಂದಳು, ಅಷ್ಟು ಸಹಜವಾಗಿ, ಸಾರಿಗೆ ಉಪ್ಪು ಕಮ್ಮಿ ಅಂದ ಹಾಗೆ, ತನ್ನ ಕೈಯಿಂದ ಆಗದ ಆ ಎರಡು ಬೆರಳಿನ ಕತ್ತರಿ ಅವಳ ಕೈಯಿಂದ ಆಗಿಬಿಟ್ಟಿತ್ತು.

ಗೋಡೆಯಾಚೆ ಫೋನು ಹೊಡೆದುಕೊಂಡಿತು, ಪಕ್ಕದ ಜೆರಾಕ್ಸ್ ಅಂಗಡಿ ತಿಮ್ಮೇಶನದು, ಆ ಹಾಡಿನ ಸದ್ದು ಬೀದಿಗೆಲ್ಲ ಗೊತ್ತು, ಅವನ ಹೆಂಡತಿ ಅಂಬಿಕಳೂ ಶಬ್ರೀನ್ ಜೊತೆ ಗಾರ್ಮೆಂಟ್ಸಿನ ವ್ಯಾನಿನಲ್ಲಿ ಹೋಗುವವಳು, ಬಲಗಡೆ ತೋಳು ಅವಳದೇ, ಗೋಡೆ ಒಂದೇ ಇಟ್ಟಿಗೆಯದು, ತಿಮ್ಮೇಶನ ಮಾತೆಲ್ಲ ಕೇಳಿಸುತ್ತದೆ, ಹೂಂ ಮೇಡಂ, ಏಳಿ ಮೇಡಂ, ಸ್ಯಾಂಪಲ್ ರೂಮಾ, ಅವ್ಳಿಗೆ ಆಯ್ತದಾ, ಅವ್ಳು ಮಾಡ್ತೀನಿ ಅಂದ್ರೆ ಮಾಡ್ಲಿ ಬುಡಿ ಮೇಡಂ, ನನ್ನ ಯಾಕೆ ಕೇಳ್ತೀರಿ, ನಾನೇನ್ ಒಲೀತೀನಾ. ಅಷ್ಟೇ. ಎಷ್ಟು ಬೇಗ ಮುಗಿಯಿತು, ಒಂದು ಜೆರಾಕ್ಸ್ ಕಾಪಿ ತೆಗೆದಷ್ಟು ಹೊತ್ತು, ನಾನೇನ್ ಒಲೀತೀನಾ — ಹೌದು, ಅವನು ಹೊಲಿಯುವುದಿಲ್ಲ, ಅವನಿಗೆ ಸುಡುವುದಕ್ಕೆ ಏನಿದೆ, ಬಟ್ಟೆ ಮುಟ್ಟಿ ಗೊತ್ತಿಲ್ಲದವನು ಹೆಂಡತಿಯನ್ನು ಆರಾಮಾಗಿ ಮೇಲೆ ಹತ್ತಿಸುತ್ತಾನೆ, ಇವನಿಗೆ ಈಗ ತಿಮ್ಮೇಶನ ಮೇಲೂ ಹೊಟ್ಟೆಕಿಚ್ಚಾಯಿತು, ಅವನ ಆ ಖಾಲಿ ಕೈಗಳ ಮೇಲೆ. ತಿಮ್ಮೇಶ ಎರಡು ಲೋಟ ಟೀ ಹಿಡಿದು ಒಳಗೇ ಬಂದ, ತಕಳ್ಲಾ ಜಫರ್ ಬಾಯ್, ನಮ್ಮೋಳಿಗೆ ಪ್ರಮೋಶನ್ನು, ಎಸಿ ರೂಮಂತೆ ಕಣ್ಲಾ, ಇನ್ಮೇಲೆ ಮನೇಲಿ ಫ್ಯಾನ್ ಆಕುದ್ರೂ ಸೆಕೆ ಅಂತಾಳೆ ನೋಡು, ನಿಮ್ಮೋರ್ಗೇ ಸಿಗ್ತದೆ ಅಂತ ಅಂಬಿಕ ಒಂದು ವಾರದಿಂದ ಏಳ್ತಿದ್ಲಪ್ಪ, ನನ್ ಕಾಲರ್ ಮೂಲೆ ಮೊಂಡು, ಶಬ್ರೀನಕ್ಕಂದು ಸೂಜಿ ಅಂಗೈತೆ ಅಂತ, ಅದೇನ್ ಇಂಗಾಯ್ತೋ. ಅದೇನೋ, ಅಂದ ಜಫರ್, ಟೀ ಬಿಸಿಯಿತ್ತು, ನಾಲಗೆ ಸುಟ್ಟಿತು. ಯಾಕ್ಲಾ ಮುಖ ಇಂಗೆ, ಮಂಚಯ್ಯನ್ ಒಟ್ಟೆ ಅಳತೆಗೆ ಟೇಪ್ ಸಾಲ್ದೇ ಓಯ್ತಾ, ಅಂತ ಬೆನ್ನಿಗೊಂದು ಗುದ್ದಿ ತಿಮ್ಮೇಶ ಹೋದ, ಯಾರೋ ಆಧಾರ್ ಕಾಪಿಗೆ ಕೂಗುತ್ತಿದ್ದರು. ಈಗಲೂ ಫೋನು ಮಾಡಬಹುದು, ನಂಬರ್ರು ಫೋನಿನಲ್ಲೇ ಇದೆ, ಮೇಡಂ, ಯೋಚನೆ ಮಾಡಿದೆ, ಆಗಲಿ ಅನ್ನಬಹುದು, ಬೆರಳು ನಂಬರ್ರಿನ ಮೇಲೆ ಹೋಗುತ್ತದೆ, ಕಾಲರಿನ ಮೂಲೆ ಕಣ್ಣ ಮುಂದೆ ಬರುತ್ತದೆ, ಎಸಿ ರೂಮಿನಲ್ಲಿ, ಬಿಳಿ ಲೈಟಿನ ಕೆಳಗೆ, ಶಬ್ರೀನ್ ದಾರ ಎಳೆಯುತ್ತಿದ್ದಾಳೆ, ಸುತ್ತ ನಿಂತವರು ಬಗ್ಗಿ ನೋಡುತ್ತಿದ್ದಾರೆ, ಅವಳು ಯಾರಿಗೂ ಬೆನ್ನು ತಿರುಗಿಸುತ್ತಿಲ್ಲ, ಬೆರಳು ವಾಪಸು ಬರುತ್ತದೆ. ಬೇಡ. ಅಂಬಿಕಳ ಮೂಲೆ ಮೊಂಡು, ಮೊಂಡಾಗಿಯೇ ಇರಲಿ, ಹೊರದೇಶದವರು ಮೊಂಡು ಕಾಲರೇ ಹಾಕಿಕೊಳ್ಳಲಿ, ತನ್ನ ಮೂಲೆ ತನ್ನ ಮನೆಯಲ್ಲಿ ಉಳಿಯಿತು, ಅಷ್ಟಾದರೂ ಉಳಿಯಿತು, ಅಂದುಕೊಂಡಾಗ ಏನೋ ಒಂಥರಾ ತಣ್ಣಗಾಯಿತು, ಪೆಡಲ್ಲು ಒತ್ತಿದ, ಹೊಲಿಗೆ ಬಿತ್ತು.

ಸಂಜೆ ವ್ಯಾನು ಸರ್ಕಲ್ಲಿನಲ್ಲಿ ನಿಂತ ಸದ್ದು, ಹೆಂಗಸರ ಮಾತು, ಪಾಲಹಳ್ಳಿಯವರು ಇನ್ನೂ ಮುಂದೆ ಹೋಗಬೇಕು, ಬಾಗಿಲು ಎಳೆದ ಸದ್ದು, ಅಂಬಿಕಳ ನಗು ಜೆರಾಕ್ಸ್ ಅಂಗಡಿಯೊಳಗೆ ಹೋಯಿತು, ಶಬ್ರೀನ್ ಬಂದು ಸ್ಟೂಲಿನ ಮೇಲೆ ಕೂತಳು, ಬುರ್ಖಾದ ತೋಳಿಗೆ ನೀಲಿ ನೂಲಿನ ಎಳೆ ಅಂಟಿಕೊಂಡಿತ್ತು, ಚಪ್ಪಲಿ ಬಿಟ್ಟು ಕಾಲು ಉಜ್ಜಿಕೊಂಡಳು, ಫಿಜಾ ಟ್ಯೂಶನ್ನಿಗೆ ಹೋದ್ಲಾ ಅಂದಳು, ಹಾಂ ಅಂದ, ಮಧ್ಯಾಹ್ನ ಉಂಡ್ರಾ ಅಂದಳು, ಹಾಂ ಅಂದ, ಉಂಡಿರಲಿಲ್ಲ, ಬುತ್ತಿ ಹಾಗೇ ಇತ್ತು, ಅವಳ ಕಣ್ಣು ಅದರ ಮೇಲೆ ಹೋಗಿ ಬಂತು. ಸಹನ ಮೇಡಂ ಹೇಳಿದ್ರು, ಅಂದಳು, ಇವನ ಕಾಲು ಪೆಡಲ್ಲಿನ ಮೇಲೇ ನಿಂತಿತು, ನಮ್ಮ ಜನದಲ್ಲಿ ಆಗಲ್ಲ ಅಂದ್ರಂತೆ ನೀವು. ಇವನು ಸೂಜಿ ನೋಡುತ್ತಿದ್ದ. ನಮ್ಮ ಜನ ಅಂದ್ರೆ ಯಾರು ಜೀ, ಅಂದಳು, ದನಿ ಏರಿಸಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ ಕೇಳಿದಳು, ಅಮ್ಮಿನಾ, ನಾನಾ, ಫಿಜಾನಾ. ಹೊರಗೆ ಆಟೋ ಒಂದು ಹಾದುಹೋಯಿತು, ಇವನು ಹೇಳಬೇಕಾಗಿದ್ದದ್ದು ನಾಲಗೆ ತನಕ ಬಂತು — ನನಗೆ ಸುಡ್ತಾ ಇತ್ತು ಶಬ್ಬೂ — ಬಂದಿದ್ದು ಅಲ್ಲೇ ಕೂತಿತು, ಅವಳು ಸರಿ ಬುಡಿ ಅಂದಳು. ನಾಳೆಯಿಂದ ಅಂಬಿಕ ಕೂತ್ಕೋತಾಳೆ, ಅವಳ ಮೂಲೆ ಮೊಂಡು ಬರ್ತಿತ್ತು, ಚೈತನ್ಯ ಸರ್ ಬಂದು, ಶಬ್ರೀನಕ್ಕ, ನೀವಂತೂ ಬರಲ್ಲ, ಇವರಿಗಾದ್ರೂ ಹೇಳಿಕೊಡಿ ಅಂದ್ರು, ಮಧ್ಯಾಹ್ನ ಪೂರ್ತಿ ಅದೇ ಕೆಲಸ ಆಯ್ತು. ಹೇಳಿಕೊಟ್ಯಾ ಅಂತ ಕೇಳಿದ, ತನ್ನ ದನಿ ತನಗೇ ದೂರದಿಂದ ಕೇಳಿತು. ಕೊಟ್ಟೆ, ನನಗೇನು ಅದನ್ನ ಬಚ್ಚಿಟ್ಟುಕೊಂಡು ಮಾಡೋದೇನಿದೆ, ಅಂದಳು, ಬುರ್ಖಾದ ಮೇಲಿನ ನೀಲಿ ಎಳೆ ಕಿತ್ತು ಕೆಳಗೆ ಹಾಕಿದಳು, ಫೋನಲ್ಲಿ ವಿಡಿಯೋ ಮಾಡ್ಕೊಂಡ್ರು, ಇದೇ ಅಂಗಿ ಬೇರೆ ದೇಶದ ಫ್ಯಾಕ್ಟರಿಯಲ್ಲೂ ಹೊಲಿಸ್ತಾರಂತೆ, ಅಲ್ಲಿ ನಮಗಿಂತ ಕಮ್ಮಿ ಸಂಬಳಕ್ಕೆ ಹೊಲೀತಾರಂತೆ ಹುಡುಗೀರು, ಅವರಿಗೆ ಕಳಿಸಬೇಕಂತೆ, ಭಾಷೆ ಬರದಿದ್ರೂ ಕೈ ನೋಡಿ ಕಲೀತಾರೆ ಅಂದ್ರು, ಮುಖ ಬ್ಯಾಡ ಅಂದೆ, ಕೈ ಮಾತ್ರ ತಗೊಂಡ್ರು. ಮನೆಗೆ ಹೋಗಿ ಅನ್ನಕ್ಕಿಡ್ತೀನಿ, ಬನ್ನಿ, ಅಂತ ಚಪ್ಪಲಿ ಮೆಟ್ಟಿದಳು, ಇವನ ಬುತ್ತಿ ಎತ್ತಿಕೊಂಡಳು, ಅವಳ ಹೆಜ್ಜೆ ಕೋಟೆ ಗೋಡೆಯ ಪಕ್ಕದ ಓಣಿಗೆ ತಿರುಗಿದ್ದು ಕೇಳಿಸಿತು, ಮಂಚಯ್ಯನ ಕಾಲರು ಕೈಯಲ್ಲೇ ಇದೆ, ದಾರ ಸಿಗಿಸಿದ್ದಾನೆ, ಎಳೆದಿಲ್ಲ, ಎಳೆಯಲು ಬೆನ್ನು ತಿರುಗಿಸಬೇಕು, ಯಾರಿಗೆ ತಿರುಗಿಸುವುದು, ಎಲ್ಲೋ ಹೆಸರು ಗೊತ್ತಿಲ್ಲದ ಊರಿನಲ್ಲಿ ಉದ್ದನೆಯ ಶೆಡ್ಡು, ಟ್ಯೂಬ್‌ಲೈಟು, ಹುಡುಗಿಯರು ಸುತ್ತ ಬಗ್ಗಿ ನಿಂತಿದ್ದಾರೆ, ಯಾರದೋ ಅಂಗೈಯಲ್ಲಿ ಫೋನು, ಫೋನಿನಲ್ಲಿ ಎರಡು ಕೈ, ಮುಖವಿಲ್ಲ, ಹೆಸರಿಲ್ಲ, ಬೆರಳು ದಾರ ಹಿಡಿಯುತ್ತದೆ, ಕಪ್ಪು ಗೆರೆಯ ಉಗುರು ಸ್ವಲ್ಪ ಬಾಗುತ್ತದೆ, ಮೂಲೆ ಹೊರಗೆ ಬರುತ್ತದೆ, ಇನ್ನೊಂದು ಸಲ ಅನ್ನುತ್ತಾಳೆ ಯಾರೋ ಒಬ್ಬಳು ತನ್ನ ಭಾಷೆಯಲ್ಲಿ, ಮತ್ತೆ ಮೊದಲಿಂದ, ಬೆರಳು, ದಾರ, ಉಗುರಿನ ಆ ಗೆರೆ, ಮೂಲೆ ಹೊರಗೆ ಬರುತ್ತದೆ, ಮತ್ತೆ, ಬೆರಳು, ದಾರ, ಗೆರೆ, ಆ ಗೆರೆ —